ಒಂದೇ ತೂಬು, ಹಲವು ಗದ್ದೆ: ಡೇಟಾಬೇಸ್ ಸಂಪರ್ಕವನ್ನು ಹಂಚಿಕೊಳ್ಳುವ ಬಗೆ

ಮಂಡ್ಯ ಜಿಲ್ಲೆಯ ಒಂದು ಹಳ್ಳಿಯ ಹಾಲು ಸಂಘಕ್ಕೆ ನಾನು ವೆಬ್ ತಂತ್ರಾಂಶ ಬರೆದುಕೊಟ್ಟ ಮೊದಲ ವರ್ಷದ ಮಾತು. ಅಂದು ಬಟವಾಡೆಯ ದಿನ. ಸಾಲಿನಲ್ಲಿ ಮೊದಲು ನಿಂತಿದ್ದ ಹಿರಿಯ ಹೆಂಗಸೊಬ್ಬರು ತಮ್ಮ ಚೀಟಿಯನ್ನು ಮೇಜಿನ ಮೇಲಿಟ್ಟು ಒಂದು ಅಂಕಿಯ ಮೇಲೆ ಬೆರಳು ಒತ್ತಿ ಹಿಡಿದರು. ಪಶು ಆಹಾರದ ಬಾಕಿಗೆ ಪ್ರತಿ ಬಟವಾಡೆಯಲ್ಲೂ 800 ರೂಪಾಯಿ ಮುರಿದುಕೊಳ್ಳುವುದೆಂದು ಸಂಘಕ್ಕೂ ಅವರಿಗೂ ಒಪ್ಪಂದವಾಗಿತ್ತು. ಚೀಟಿಯಲ್ಲಿ 1600 ಮುರಿದಿತ್ತು. “ಒಂದು ಸಲ ಮುರಿದುಕೊಳ್ಳಿ ಎಂದಿದ್ದೆ ಕಣಪ್ಪ, ಎರಡು ಸಲ ಮುರಿದಿದ್ದೀರಲ್ಲ” ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಆದರೆ ಆ ವಾರದ ಖರ್ಚಿಗೆಂದು ಅವರು ನಂಬಿಕೊಂಡಿದ್ದ 800 ರೂಪಾಯಿ ಅವರ ಕೈಗೆ ಬರಲಿಲ್ಲ.

ನಡೆದದ್ದು ಇಷ್ಟು. ಆ ಬೆಳಿಗ್ಗೆ ಕಾರ್ಯದರ್ಶಿಗಳು ಬಟವಾಡೆಯ ಲೆಕ್ಕವನ್ನು ಒಮ್ಮೆ ಓಡಿಸಿದ್ದರು. ಪಟ್ಟಿಯ ನಡುವೆ ಹೊಸ ಸದಸ್ಯರೊಬ್ಬರ ಬ್ಯಾಂಕ್ ಖಾತೆ ಸಂಖ್ಯೆ ಖಾಲಿ ಇತ್ತು. ತಂತ್ರಾಂಶ ಅಲ್ಲಿ ನಿಂತು, ‘ಯಾವುದೂ ದಾಖಲಾಗಿಲ್ಲ, ತಿದ್ದಿ ಮತ್ತೆ ಓಡಿಸಿ’ ಎಂದು ತೋರಿಸಿತು. ಅವರು ಸಂಖ್ಯೆ ತುಂಬಿ ಮತ್ತೆ ಓಡಿಸಿದರು. ಆದರೆ ‘ಯಾವುದೂ ದಾಖಲಾಗಿಲ್ಲ’ ಎಂಬ ಮಾತು ನಿಜವಾಗಿರಲಿಲ್ಲ. ಪಾವತಿಗಳು ದಾಖಲಾಗಿರಲಿಲ್ಲ, ಮುರಿತಗಳು ದಾಖಲಾಗಿದ್ದವು. ಎರಡನೆಯ ಸಲ ಓಡಿಸಿದಾಗ ಅವು ಮತ್ತೊಮ್ಮೆ ದಾಖಲಾದವು. ಪಟ್ಟಿಯಲ್ಲಿ ಆ ಹೊಸ ಸದಸ್ಯರಿಗಿಂತ ಮೇಲಿದ್ದ, ಬಾಕಿಯಿದ್ದ ಎಲ್ಲರಿಗೂ ಎರಡೆರಡು ಸಲ ಮುರಿದಿತ್ತು.

ಕೋಡ್ ಬರೆದವನು ನಾನೇ. ಅದರಲ್ಲಿ ‘ಬಾಕಿ ಖಾತೆ’ ಮತ್ತು ‘ಪಾವತಿ ಖಾತೆ’ ಎಂಬ ಎರಡು ಕ್ಲಾಸ್‌ಗಳಿದ್ದವು. ಕ್ಲಾಸ್ ಎಂದರೆ ಒಂದು ಬಗೆಯ ಕೆಲಸದ ಕೋಡ್ ಅನ್ನು ಒಟ್ಟಿಗೆ ಇಟ್ಟ ನಕ್ಷೆ, ಅದರಂತೆ ಕಟ್ಟಿದ್ದು ಆಬ್ಜೆಕ್ಟ್. ಎರಡೂ ಅಚ್ಚುಕಟ್ಟಾಗಿದ್ದವು, ಒಂದರ ಕೆಲಸದಲ್ಲಿ ಇನ್ನೊಂದು ತಲೆ ಹಾಕುತ್ತಿರಲಿಲ್ಲ. ತಪ್ಪಿದ್ದದ್ದು ಒಂದೇ ಸಾಲಿನಲ್ಲಿ, ಮತ್ತು ಆ ಸಾಲು ಎರಡರಲ್ಲೂ ಇತ್ತು: ಆಬ್ಜೆಕ್ಟ್ ಹುಟ್ಟುವಾಗ ನಡೆಯುವ ಕನ್‌ಸ್ಟ್ರಕ್ಟರ್‌ನಲ್ಲಿ ಪ್ರತಿಯೊಂದೂ ತನಗಾಗಿ ಹೊಸ ಡೇಟಾಬೇಸ್ ಸಂಪರ್ಕವನ್ನು ತೆರೆದುಕೊಳ್ಳುತ್ತಿತ್ತು. ವೆಬ್ ಪ್ರೋಗ್ರಾಮಿಂಗ್ ಕಲಿಯುವ ಹುಡುಗ ಹುಡುಗಿಯರ ಕೋಡ್ ನೋಡುವಾಗ ಇದೇ ಸಾಲು ನನಗೆ ಪದೇ ಪದೇ ಎದುರಾಗುತ್ತದೆ. ಆದ್ದರಿಂದ ಇದನ್ನು ಬಿಡಿಸಿ ಬರೆಯುತ್ತಿದ್ದೇನೆ.

ಸಂಪರ್ಕ ಎಂದರೆ ಫೋನ್ ನಂಬರ್ ಅಲ್ಲ, ಫೋನ್ ಕರೆ. ಸರ್ವರ್‌ನ ವಿಳಾಸ, ಬಳಕೆದಾರರ ಹೆಸರು, ಪಾಸ್‌ವರ್ಡ್ ಇವು ನಂಬರ್ ಇದ್ದಂತೆ. ಸಂಪರ್ಕದ ಆಬ್ಜೆಕ್ಟ್ ಎನ್ನುವುದು ಈ ಗಳಿಗೆಯಲ್ಲಿ ನಡೆಯುತ್ತಿರುವ ಮಾತುಕತೆ. ‘ಆಗಲೇ ಬರೆಸಿದೆನಲ್ಲ, ಅದನ್ನು ಹೊಡೆದುಹಾಕಿ’ ಎಂದು ಅದೇ ಕರೆಯಲ್ಲಿ ಹೇಳಿದರೆ ಆ ಕಡೆಯವರಿಗೆ ತಿಳಿಯುತ್ತದೆ. ಬೇರೊಂದು ಕರೆಯಲ್ಲಿ, ಬೇರೊಬ್ಬ ಗುಮಾಸ್ತರ ಹತ್ತಿರ ಬರೆಸಿದ್ದನ್ನು ಈ ಕರೆಯಿಂದ ಹೊಡೆದುಹಾಕಿಸಲು ಆಗುವುದಿಲ್ಲ. ಟ್ರಾನ್ಸಾಕ್ಷನ್ ಎಂಬುದು ಇಂಥ ಮಾತುಕತೆಯೊಳಗಿನ ಕರಾರು: ಶುರು ಮಾಡಿದಲ್ಲಿಂದ ಕಮಿಟ್ ಮಾಡುವ ತನಕ ಬರೆಸಿದ್ದೆಲ್ಲ ಒಟ್ಟಿಗೆ ನಿಲ್ಲಬೇಕು, ಇಲ್ಲವೇ ರೋಲ್‌ಬ್ಯಾಕ್‌ನಲ್ಲಿ ಒಟ್ಟಿಗೆ ಅಳಿಯಬೇಕು. ನಾನು ಟ್ರಾನ್ಸಾಕ್ಷನ್ ಶುರು ಮಾಡಿದ್ದು ಪಾವತಿ ಖಾತೆಯ ಸಂಪರ್ಕದಲ್ಲಿ. ಬಾಕಿ ಖಾತೆ ತನ್ನದೇ ಕರೆಯಲ್ಲಿ ಮಾತಾಡುತ್ತಿತ್ತು. ಅಲ್ಲಿ ಯಾವ ಕರಾರೂ ಇರಲಿಲ್ಲವಾದ್ದರಿಂದ ಅದು ಬರೆಸಿದ ಪ್ರತಿಯೊಂದು ಸಾಲೂ ಆ ಕ್ಷಣದಲ್ಲೇ ಕಾಯಂ ಆಗುತ್ತಿತ್ತು.

ಸಂಪರ್ಕಗಳನ್ನು ಹಂಚಿಕೊಳ್ಳಬೇಕು ಎನ್ನುವಾಗ ಸಾಮಾನ್ಯವಾಗಿ ಹೇಳುವ ಕಾರಣ ಬೇರೆ, ಅದು ಖರ್ಚು. ಅದೂ ನಿಜ. ಒಂದು ಸಂಪರ್ಕ ತೆರೆಯಲು ಸರ್ವರ್ ತನಕ ಹೋಗಿ ಬರಬೇಕು, ಪಾಸ್‌ವರ್ಡ್ ಪರೀಕ್ಷೆಯಾಗಬೇಕು, ಸರ್ವರ್ ಅದಕ್ಕಾಗಿ ಮೆಮೊರಿ ಎತ್ತಿಡಬೇಕು. ಮೈಎಸ್‌ಕ್ಯುಎಲ್ ಎಂಬ ಡೇಟಾಬೇಸ್ ಸರ್ವರ್‌ನಲ್ಲಿ ನಾವಾಗಿ ಬದಲಿಸದಿದ್ದರೆ ಒಟ್ಟು 151 ಸಂಪರ್ಕಗಳಿಗೆ ಮಾತ್ರ ಅವಕಾಶ, ಪೋಸ್ಟ್‌ಗ್ರೆಸ್ ಎಂಬ ಇನ್ನೊಂದರಲ್ಲಿ 100. ಒಂದು ಪುಟಕ್ಕೆ ಐದು ಕ್ಲಾಸ್ ಬೇಕಾಗಿ ಒಂದೊಂದೂ ತನ್ನ ಸಂಪರ್ಕ ತೆರೆದರೆ, 31 ಜನ ಒಂದೇ ಸಲ ಪುಟ ತೆರೆದಾಗ 155 ಆಗುತ್ತದೆ. 1040 ಎಂಬ ದೋಷ ಸಂಖ್ಯೆಯೊಂದಿಗೆ ಸರ್ವರ್ ಬಾಗಿಲು ಹಾಕಿಕೊಳ್ಳುತ್ತದೆ. ಆದರೆ ಖರ್ಚಿನ ತೊಂದರೆ ಕಣ್ಣಿಗೆ ಕಾಣುತ್ತದೆ, ಪುಟವೇ ತೆರೆಯುವುದಿಲ್ಲ. ಮಾತುಕತೆ ಬೇರೆಯಾದ ತೊಂದರೆ ಕಾಣುವುದಿಲ್ಲ. ಎಲ್ಲವೂ ಸರಿಯಿದೆ ಎಂದು ತೋರಿಸುತ್ತಲೇ ಲೆಕ್ಕ ತಪ್ಪಿಸುತ್ತದೆ. ನನಗೆ ಇದೇ ದೊಡ್ಡ ಕಾರಣ.

ಸಂಪರ್ಕದೊಂದಿಗೆ ಅಂಟಿಕೊಂಡಿರುವುದು ಟ್ರಾನ್ಸಾಕ್ಷನ್ ಒಂದೇ ಅಲ್ಲ. ಕೊನೆಯದಾಗಿ ಸೇರಿಸಿದ ಸಾಲಿನ ಕ್ರಮಸಂಖ್ಯೆ, ತಾತ್ಕಾಲಿಕ ಟೇಬಲ್‌ಗಳು, ಕಾಲವಲಯ, ಎಲ್ಲವೂ ಆಯಾ ಸಂಪರ್ಕಕ್ಕೇ ಸೇರಿದ್ದು. ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇವೆಲ್ಲಕ್ಕಿಂತ ಹತ್ತಿರದ್ದು ಅಕ್ಷರ ಸಂಕೇತ, ಅಂದರೆ ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಪದ್ಧತಿ. ಯುಟಿಎಫ್-8 ಎಂಬ ಪದ್ಧತಿಯಲ್ಲಿ ಕನ್ನಡದ ಪ್ರತಿ ಚಿಹ್ನೆಗೂ 3 ಬೈಟ್ ಬೇಕು. ‘ಹಾಲು’ ಎಂಬ ಪದದಲ್ಲಿ ಹಕಾರ, ಅದರ ದೀರ್ಘ, ಲಕಾರ, ಅದರ ಕೊಂಬು ಎಂದು ನಾಲ್ಕು ಚಿಹ್ನೆಗಳು, ಒಟ್ಟು 12 ಬೈಟ್. ‘ನಾನು ಯುಟಿಎಫ್8ಎಂಬಿ4ರಲ್ಲಿ (ಯುಟಿಎಫ್-8ಕ್ಕೆ ಮೈಎಸ್‌ಕ್ಯುಎಲ್ ಇಟ್ಟ ಹೆಸರು) ಮಾತಾಡುತ್ತೇನೆ’ ಎಂದು ಸಂಪರ್ಕ ತೆರೆಯುವಾಗಲೇ ಹೇಳಬೇಕು. ಹಳೆಯ ಮೈಎಸ್‌ಕ್ಯುಎಲ್‌ಗಳಲ್ಲಿ, ಅಂದರೆ 2018ರಲ್ಲಿ 8.0 ಬರುವ ಮೊದಲು, ಹೇಳದೆ ಬಿಟ್ಟರೆ ಸರ್ವರ್ ಲ್ಯಾಟಿನ್-1 ಎಂದುಕೊಳ್ಳುತ್ತಿತ್ತು. ಆ ಸಂಕೇತದಲ್ಲಿ ಕನ್ನಡವೇ ಇಲ್ಲ. ಸರಿಯಾಗಿ ಸಂಗ್ರಹಿಸಿಟ್ಟ ‘ಹಾಲು’ ಅಂಥ ಸಂಪರ್ಕದಲ್ಲಿ ನಾಲ್ಕು ಪ್ರಶ್ನೆ ಚಿಹ್ನೆಗಳಾಗಿ ಹೊರಬರುತ್ತದೆ. ನಾಲ್ಕು ಕ್ಲಾಸ್ ಸರಿಯಾಗಿ ಹೇಳಿ ಐದನೆಯದು ಮರೆತರೆ, ಒಂದೇ ಪುಟದಲ್ಲಿ ಸದಸ್ಯರ ಹೆಸರು ಚೆನ್ನಾಗಿ ಕಾಣುತ್ತದೆ, ಊರಿನ ಹೆಸರು ಪ್ರಶ್ನೆ ಚಿಹ್ನೆಗಳ ಸಾಲಾಗುತ್ತದೆ. ಫಾಂಟ್ ಇಲ್ಲವೆಂದು ಗಂಟೆಗಟ್ಟಲೆ ಫಾಂಟ್ ಹುಡುಕಿದವರನ್ನು ನಾನು ನೋಡಿದ್ದೇನೆ.

ಇನ್ನೊಂದು ಸೂಕ್ಷ್ಮ ತೊಂದರೆಯನ್ನೂ ಹೇಳಬೇಕು. ಮೊದಲನೆಯ ಸಂಪರ್ಕ ಟ್ರಾನ್ಸಾಕ್ಷನ್ ಒಳಗೆ ಒಂದು ಸಾಲನ್ನು ತಿದ್ದಿ ಬೀಗ ಹಿಡಿದಿದೆ ಎನ್ನಿ. ಅದೇ ಪ್ರೋಗ್ರಾಂನ ಎರಡನೆಯ ಸಂಪರ್ಕ ಅದೇ ಸಾಲನ್ನು ತಿದ್ದಲು ಹೋಗುತ್ತದೆ. ಸರ್ವರ್‌ನ ಕಣ್ಣಿಗೆ ಅವರಿಬ್ಬರೂ ಬೇರೆ ಬೇರೆ ಗಿರಾಕಿಗಳು. ಎರಡನೆಯವರು ಕಾಯುತ್ತಾರೆ. ಮೊದಲನೆಯವರು ಬೀಗ ಬಿಡಬೇಕಾದರೆ ಪ್ರೋಗ್ರಾಂ ಮುಂದೆ ಸಾಗಬೇಕು, ಪ್ರೋಗ್ರಾಂ ಎರಡನೆಯವರಿಗಾಗಿ ಕಾದು ಕೂತಿದೆ. ತನ್ನ ಮನೆಗೆ ಒಳಗಿನಿಂದ ಅಗುಳಿ ಹಾಕಿ, ಹೊರಗೆ ನಿಂತು ತಾನೇ ಕದ ತಟ್ಟಿದಂತೆ. ಒಂದು ಕಡೆಯ ಕಾಯುವಿಕೆ ಮಾತ್ರ ಸರ್ವರ್‌ಗೆ ಕಾಣುವುದರಿಂದ ಇದನ್ನು ಅದು ಬಿಕ್ಕಟ್ಟೆಂದು ಗುರುತಿಸುವುದೂ ಇಲ್ಲ. ಮೈಎಸ್‌ಕ್ಯುಎಲ್‌ನ ಸಂಗ್ರಹ ಯಂತ್ರವಾದ ಇನ್ನೋಡಿಬಿಯಲ್ಲಿ ಮೊದಲೇ ಗೊತ್ತುಮಾಡಿಟ್ಟ 50 ಸೆಕೆಂಡು ಕಳೆದ ಮೇಲೆ ‘ಕಾದದ್ದು ಸಾಕು’ ಎಂಬ ದೋಷ ಬರುತ್ತದೆ.

ಹಾಗಾದರೆ ಒಂದು ಕೋರಿಕೆಗೆ, ಅಂದರೆ ಬ್ರೌಸರ್ ಒಂದು ಪುಟ ಕೇಳಿದ ಪ್ರತಿ ಸಲಕ್ಕೆ, ಒಂದೇ ಸಂಪರ್ಕ, ಅದನ್ನೇ ಎಲ್ಲ ಕ್ಲಾಸ್‌ಗಳೂ ಬಳಸಬೇಕು. ಇಲ್ಲಿಯವರೆಗೆ ತಕರಾರಿಲ್ಲ. ಬಳಸುವವರ ಕೈಗೆ ಅದು ಸೇರುವುದು ಹೇಗೆ ಎಂಬಲ್ಲಿ ದಾರಿಗಳು ಬೇರೆಯಾಗುತ್ತವೆ.

ಗ್ಲೋಬಲ್ ವೇರಿಯಬಲ್, ಅಂದರೆ ಪ್ರೋಗ್ರಾಂನ ಎಲ್ಲ ಭಾಗಕ್ಕೂ ಕಾಣುವ ಹೆಸರು, ಎಲ್ಲಕ್ಕಿಂತ ಹಳೆಯ ದಾರಿ. ಊರ ನಡುವಿನ ಕಾಲುವೆಗೆ ಯಾರು ಬೇಕಾದರೂ ಎಲ್ಲಿ ಬೇಕಾದರೂ ಬದು ಕಡಿದು ನೀರು ತಿರುಗಿಸಿಕೊಂಡ ಹಾಗೆ. ಯಾವುದೋ ಫೈಲಿನಲ್ಲಿ ಯಾರೋ ಅದೇ ಹೆಸರಿಗೆ ಬೇರೆ ಬೆಲೆ ಕೊಟ್ಟರೆ ಉಳಿದವರೆಲ್ಲರ ಗದ್ದೆ ಒಣಗುತ್ತದೆ. ಕಡಿದವರು ಯಾರೆಂದು ಹುಡುಕುವುದೂ ಕಷ್ಟ.

ಇನ್ನೊಂದು ದಾರಿ ಆನುವಂಶಿಕತೆ. ‘ಡೇಟಾಬೇಸ್’ ಎಂಬ ಕ್ಲಾಸ್ ಬರೆದು, ಸದಸ್ಯ, ಬಾಕಿ ಖಾತೆ, ಪಾವತಿ ಖಾತೆ ಎಲ್ಲವನ್ನೂ ಅದರ ಮಕ್ಕಳನ್ನಾಗಿ ಮಾಡುವುದು. ಕೋಡ್ ಚಿಕ್ಕದಾಗುತ್ತದೆ, ನಿಜ. ಆದರೆ ಆನುವಂಶಿಕತೆ ಎಂದರೆ ‘ಇದು ಅದರ ಒಂದು ಬಗೆ’ ಎಂದು ಹೇಳುವುದು. ಹಾಲು ಹಾಕುವ ಸದಸ್ಯರು ಡೇಟಾಬೇಸ್‌ನ ಒಂದು ಬಗೆಯಲ್ಲ. ಅಲ್ಲದೆ ಮೂರು ಮಕ್ಕಳನ್ನು ಹುಟ್ಟಿಸಿದರೆ ಪೋಷಕ ಕ್ಲಾಸ್‌ನ ಕನ್‌ಸ್ಟ್ರಕ್ಟರ್ ಮೂರು ಸಲ ನಡೆಯುತ್ತದೆ, ಮೂರು ಸಂಪರ್ಕ ತೆರೆಯುತ್ತದೆ. ಬಿಟ್ಟು ಬಂದ ಜಾಗಕ್ಕೇ ಸುತ್ತು ಹಾಕಿ ಮತ್ತೆ ಬಂದಂತೆ.

ಸಿಂಗಲ್‌ಟನ್ ಎಂಬ ಮೂರನೆಯ ದಾರಿಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಅದು ಪಂಡಿತರ ಮುದ್ರೆ ಒತ್ತಿಸಿಕೊಂಡು ಬಂದದ್ದು. 1994ರಲ್ಲಿ ನಾಲ್ವರು ಲೇಖಕರು ಸೇರಿ 23 ವಿನ್ಯಾಸಗಳನ್ನು ಪಟ್ಟಿ ಮಾಡಿದರು, ಇದು ಅವುಗಳಲ್ಲಿ ಒಂದು. ಕ್ಲಾಸ್ ತನ್ನ ಕನ್‌ಸ್ಟ್ರಕ್ಟರ್‌ಗೆ ಬೀಗ ಹಾಕಿಕೊಳ್ಳುತ್ತದೆ. ಹೊರಗಿನವರು ಆಬ್ಜೆಕ್ಟ್ ಇಲ್ಲದೆಯೇ ಕರೆಯಬಹುದಾದ ಒಂದು ಸ್ಟ್ಯಾಟಿಕ್ ಫಂಕ್ಷನ್ ಕರೆದು ಕೇಳಬೇಕು. ಮೊದಲ ಸಲ ಕೇಳಿದಾಗ ಅದು ಆಬ್ಜೆಕ್ಟ್ ಕಟ್ಟಿ ಇಟ್ಟುಕೊಳ್ಳುತ್ತದೆ, ಆಮೇಲೆ ಯಾರು ಎಷ್ಟು ಸಲ ಕೇಳಿದರೂ ಅದನ್ನೇ ಕೊಡುತ್ತದೆ. ನನ್ನ ಎರಡು ಖಾತೆಗಳೂ ಹೀಗೆ ಕೇಳಿ ಪಡೆದಿದ್ದರೆ ಆ ಚೀಟಿಯಲ್ಲಿ 1600 ಬರುತ್ತಿರಲಿಲ್ಲ. ಅದನ್ನು ಒಪ್ಪುತ್ತೇನೆ.

ಆದರೆ ಸಿಂಗಲ್‌ಟನ್ ಎರಡು ಬೇರೆ ಮಾತುಗಳನ್ನು ಒಂದೇ ಗಂಟಿನಲ್ಲಿ ಕಟ್ಟುತ್ತದೆ. ‘ಇದು ಒಂದೇ ಇರಲಿ’ ಎಂಬುದು ಒಂದು ಮಾತು. ‘ಇದು ಎಲ್ಲಿಂದ ಕೈ ಚಾಚಿದರೂ ಸಿಗಲಿ’ ಎಂಬುದು ಇನ್ನೊಂದು. ನಮಗೆ ಬೇಕಿದ್ದದ್ದು ಮೊದಲನೆಯದು ಮಾತ್ರ. ಎರಡನೆಯದು ಗ್ಲೋಬಲ್ ವೇರಿಯಬಲ್‌ನದೇ ಗುಣ. ಬಾಕಿ ಖಾತೆಯ ಕ್ಲಾಸ್ ಅನ್ನು ಹೊರಗಿನಿಂದ ನೋಡಿದರೆ ಅದಕ್ಕೆ ಡೇಟಾಬೇಸ್ ಬೇಕೆಂಬ ಸುಳಿವೇ ಸಿಗುವುದಿಲ್ಲ, ಒಳಗಿನ ನಲವತ್ತನೆಯ ಸಾಲಿನಲ್ಲಿ ಅದು ಸದ್ದಿಲ್ಲದೆ ಕೈ ಚಾಚಿರುತ್ತದೆ. ಇದರ ಬಿಸಿ ನನಗೆ ತಟ್ಟಿದ್ದು ಸಂಘದವರು ಹಳೆಯ ವರ್ಷದ ಲೆಕ್ಕವನ್ನೂ ನೋಡಬೇಕು ಎಂದಾಗ. ಆ ಲೆಕ್ಕ ಇದ್ದದ್ದು ಬೇರೊಂದು ಡೇಟಾಬೇಸ್‌ನಲ್ಲಿ. ಅದೇ ಬಾಕಿ ಖಾತೆಯ ಕ್ಲಾಸ್‌ಗೆ ಹಳೆಯ ಡೇಟಾಬೇಸ್ ತೋರಿಸಿದರೆ ಮುಗಿಯಬೇಕಿತ್ತು. ಸಿಂಗಲ್‌ಟನ್ ಬಳಸಿದ್ದರೆ ಅದು ಸಾಧ್ಯವೇ ಇರಲಿಲ್ಲ. ‘ಒಂದೇ’ ಎಂದು ಅದು ಹಟ ಹಿಡಿದಿರುತ್ತದೆ.

ನಮ್ಮ ಕಡೆ ಕೆರೆ ಬಯಲಿನಲ್ಲಿ ನೀರುಗಂಟಿ ಎಂಬ ಕಾಯಕವೊಂದಿತ್ತು, ಕೆಲವು ಊರುಗಳಲ್ಲಿ ಈಗಲೂ ಇದೆ. ತೂಬು ಎತ್ತುವುದು, ಯಾವ ತಾಕಿಗೆ ಯಾವಾಗ ನೀರು ಎಂದು ತಿರುಗಿಸುವುದು ನೀರುಗಂಟಿಯ ಕೆಲಸ. ಗದ್ದೆಗೆ ತೂಬು ಎಲ್ಲಿದೆ ಎಂದು ಗೊತ್ತಿರಬೇಕಾಗಿಲ್ಲ. ಬದುವಿನಲ್ಲಿ ಒಂದು ಬಾಯಿ ಬಿಟ್ಟುಕೊಂಡಿದ್ದರೆ ಸಾಕು, ನೀರು ಬರುತ್ತದೆ. ಕೆರೆಯಿಂದ ಬಂತೋ ವಿಶ್ವೇಶ್ವರಯ್ಯ ನಾಲೆಯಿಂದ ಬಂತೋ ಎಂದು ಪೈರು ಕೇಳುವುದಿಲ್ಲ.

ಡಿಪೆಂಡೆನ್ಸಿ ಇಂಜೆಕ್ಷನ್ ಎಂಬ ಭಾರವಾದ ಹೆಸರಿನ ಹಿಂದೆ ಇರುವುದು ಇಷ್ಟೇ. ಬದುವಿನ ಬಾಯಿ ಎಂದರೆ ಕನ್‌ಸ್ಟ್ರಕ್ಟರ್. ‘ನಾನು ಬಾಕಿ ಖಾತೆ, ನನ್ನನ್ನು ಕಟ್ಟುವವರು ನನಗೆ ಒಂದು ಸಂಪರ್ಕ ಕೊಡಬೇಕು’ ಎಂದು ಕ್ಲಾಸ್ ತನ್ನ ಮೊದಲ ಸಾಲಿನಲ್ಲೇ ಹೇಳುತ್ತದೆ. ಕೊಟ್ಟದ್ದನ್ನು ಒಳಗೆ ಇಟ್ಟುಕೊಂಡು ಬಳಸುತ್ತದೆ, ತಾನಾಗಿ ತೆರೆಯುವುದಿಲ್ಲ, ಮುಚ್ಚುವುದೂ ಇಲ್ಲ. ನೀರುಗಂಟಿಯ ಕೆಲಸ ಪ್ರತಿ ಕೋರಿಕೆಯೂ ಮೊದಲು ಮುಟ್ಟುವ ಫೈಲಿನದು. ಅಲ್ಲಿ ಸಂಪರ್ಕವನ್ನು ಒಮ್ಮೆ ತೆರೆಯುತ್ತೇನೆ, ಅಕ್ಷರ ಸಂಕೇತ ಹೇಳುತ್ತೇನೆ, ದೋಷ ಬಂದರೆ ಎಕ್ಸೆಪ್ಷನ್ ಎಸೆದು ಕೆಲಸ ನಿಲ್ಲಿಸಬೇಕೆಂದು ಹೇಳುತ್ತೇನೆ. ಆಮೇಲೆ ಅದೇ ಆಬ್ಜೆಕ್ಟ್ ಅನ್ನು ಬಾಕಿ ಖಾತೆಗೂ ಪಾವತಿ ಖಾತೆಗೂ ಕೈಗೆ ಕೊಡುತ್ತೇನೆ. ಒಂದೇ ಇರಬೇಕೆಂಬುದು ಹೀಗೆ ಒಂದೇ ಸಲ ತೆರೆಯುವುದರಿಂದ ಈಡೇರುತ್ತದೆ, ಬೀಗ ಹಾಕಿ ಹೇರಬೇಕಾಗಿಲ್ಲ. ಹಳೆಯ ವರ್ಷದ ಲೆಕ್ಕಕ್ಕೆ ಬಾಕಿ ಖಾತೆಯ ಇನ್ನೊಂದು ಆಬ್ಜೆಕ್ಟ್ ಕಟ್ಟಿ ಹಳೆಯ ಡೇಟಾಬೇಸ್‌ನ ಸಂಪರ್ಕ ಕೊಟ್ಟೆ. ಕ್ಲಾಸ್‌ನ ಒಳಗೆ ಒಂದು ಅಕ್ಷರವನ್ನೂ ಬದಲಿಸಬೇಕಾಗಲಿಲ್ಲ.

ಹೀಗೆ ಕೈಯಿಂದ ಕೈಗೆ ಕೊಟ್ಟರೆ ನಕಲುಗಳಾಗುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಪಿಎಚ್‌ಪಿ ಎಂಬ ವೆಬ್ ಭಾಷೆಯ 4ನೆಯ ಆವೃತ್ತಿಯ ಕಾಲದಲ್ಲಿ ಆ ಭಯಕ್ಕೆ ಅರ್ಥವಿತ್ತು, ಅಲ್ಲಿ ಆಬ್ಜೆಕ್ಟ್ ಕೊಟ್ಟರೆ ಅದರ ನಕಲು ಹೋಗುತ್ತಿತ್ತು. 2004ರಲ್ಲಿ ಬಂದ ಪಿಎಚ್‌ಪಿ 5ರಿಂದ ಹೋಗುವುದು ಆಬ್ಜೆಕ್ಟ್‌ನ ಹಿಡಿ ಮಾತ್ರ. ಹತ್ತು ಕ್ಲಾಸ್‌ಗಳಿಗೆ ಕೊಟ್ಟರೂ ಒಂದೇ ಬಿಂದಿಗೆಗೆ ಹತ್ತು ಕೈ.

ಕ್ಲಾಸ್‌ಗಳು ಹೆಚ್ಚಾದಾಗ ಈ ಜೋಡಣೆಯನ್ನು ಕಂಟೈನರ್ ಎಂಬ ಸಿದ್ಧ ಸಾಧನಕ್ಕೆ ಒಪ್ಪಿಸಬಹುದು. ಸಣ್ಣ ತಂತ್ರಾಂಶಕ್ಕೆ ಅದು ಬೇಕಿಲ್ಲ, ನನ್ನ ಇಡೀ ಜೋಡಣೆ ಮೂವತ್ತು ಸಾಲು. ಬಳಸುವವರಿಗೆ ನನ್ನದೊಂದು ಮನವಿ: ಕಂಟೈನರ್ ಅನ್ನೇ ಕ್ಲಾಸ್‌ಗಳ ಕೈಗೆ ಕೊಡಬೇಡಿ. ಆಗ ಪ್ರತಿಯೊಂದೂ ತನಗೆ ಬೇಕಾದ್ದನ್ನು ಅದರೊಳಗಿಂದ ಹೆಕ್ಕಿಕೊಳ್ಳಲು ಶುರುಮಾಡುತ್ತದೆ, ಕದ್ದು ಕೈ ಚಾಚುವ ಹಳೆಯ ಚಾಳಿ ಹೊಸ ಬಟ್ಟೆ ತೊಟ್ಟು ಮರಳುತ್ತದೆ.

ಸಂಪರ್ಕ ಒಂದೇ ಆದ ಮೇಲೆ ಇನ್ನೊಂದು ಪ್ರಶ್ನೆ ಏಳುತ್ತದೆ, ಇದನ್ನು ಪಾಠಗಳಲ್ಲಿ ಅಷ್ಟಾಗಿ ಹೇಳುವುದಿಲ್ಲ. ಟ್ರಾನ್ಸಾಕ್ಷನ್ ಶುರು ಮಾಡುವವರು ಯಾರು? ಬಾಕಿ ಖಾತೆಯೂ ಶುರು ಮಾಡಿ ಪಾವತಿ ಖಾತೆಯೂ ಶುರು ಮಾಡಿದರೆ ಒಂದೇ ಮಾತುಕತೆಯಲ್ಲಿ ಎರಡು ಕರಾರು. ಮೈಎಸ್‌ಕ್ಯುಎಲ್‌ನಲ್ಲಿ ಟ್ರಾನ್ಸಾಕ್ಷನ್ ನಡೆಯುತ್ತಿರುವಾಗ ಇನ್ನೊಂದನ್ನು ಶುರು ಮಾಡು ಎಂದು ನೇರವಾಗಿ ಹೇಳಿದರೆ ಹಳೆಯದು ತಾನಾಗಿ ಕಮಿಟ್ ಆಗಿಬಿಡುತ್ತದೆ. ಡೇಟಾಬೇಸ್ ಜೊತೆ ಮಾತಾಡಲು ಪಿಎಚ್‌ಪಿಯಲ್ಲಿರುವ ಪಿಡಿಒ ಮೂಲಕ ಹೋದರೆ ಅದು ತಡೆದು ಎಕ್ಸೆಪ್ಷನ್ ಎಸೆಯುತ್ತದೆ, ಅದು ಉಪಕಾರವೇ. ಟ್ರಾನ್ಸಾಕ್ಷನ್ ನಡುವೆ ಟೇಬಲ್ ಕಟ್ಟುವ ಅಥವಾ ಬದಲಿಸುವ ಆಜ್ಞೆ ಕೊಟ್ಟರೂ ಮೈಎಸ್‌ಕ್ಯುಎಲ್ ಸದ್ದಿಲ್ಲದೆ ಕಮಿಟ್ ಮಾಡುತ್ತದೆ. ನಾನು ಹಿಡಿದ ದಾರಿ ಹೀಗಿದೆ: ಖಾತೆಗಳು ಸಾಲು ಬರೆಯುತ್ತವೆ, ಅಷ್ಟೇ. ಅವುಗಳ ಮೇಲೆ ‘ಬಟವಾಡೆ’ ಎಂಬ ಇನ್ನೊಂದು ಕ್ಲಾಸ್ ಇದೆ. ಸಂಪರ್ಕವೂ ಎರಡು ಖಾತೆಗಳೂ ಅದರ ಕೈಗೆ ಬರುತ್ತವೆ. ಶುರು, ಕಮಿಟ್, ರೋಲ್‌ಬ್ಯಾಕ್ ಮೂರನ್ನೂ ಹೇಳುವ ಅಧಿಕಾರ ಅದೊಂದಕ್ಕೇ. ಯಾವ ಕೆಲಸ ಪೂರ್ತಿಯಾಗಬೇಕೆಂದು ಬಲ್ಲದ್ದು ಅದೇ ಅಲ್ಲವೇ.

ಇಲ್ಲಿಯವರೆಗೆ ಹೇಳಿದ್ದು ಒಂದು ಕೋರಿಕೆಯ ಆಯಸ್ಸಿನ ಮಾತು. ಪಿಎಚ್‌ಪಿ ಸಾಮಾನ್ಯವಾಗಿ ಪ್ರತಿ ಕೋರಿಕೆಗೂ ಹೊಸದಾಗಿ ಹುಟ್ಟಿ, ಉತ್ತರ ಕೊಟ್ಟು, ಸಂಪರ್ಕದ ಸಮೇತ ಮುಗಿದುಹೋಗುತ್ತದೆ. ಜಾವಾದಂಥ ಕಡೆ ಸರ್ವರ್ ಪ್ರೋಗ್ರಾಂ ದಿನಗಟ್ಟಲೆ ಬದುಕಿರುತ್ತದೆ, ಹಲವು ಜನರ ಕೋರಿಕೆಗಳು ಅದರಲ್ಲಿ ಒಟ್ಟಿಗೆ ಓಡುತ್ತಿರುತ್ತವೆ. ಅಲ್ಲಿ ಒಂದೇ ಸಂಪರ್ಕವನ್ನು ಎಲ್ಲರಿಗೂ ಹಂಚಿದರೆ ಒಬ್ಬರ ಕಮಿಟ್ ಇನ್ನೊಬ್ಬರ ಅರ್ಧಂಬರ್ಧ ಕೆಲಸವನ್ನೂ ಕಾಯಂ ಮಾಡುತ್ತದೆ. ಅದಕ್ಕಾಗಿ ಅಲ್ಲಿ ಪೂಲ್ ಇಡುತ್ತಾರೆ. ತೆರೆದ ಸಂಪರ್ಕಗಳ ಒಂದು ಕಟ್ಟು, ಒಂದು ಕೆಲಸಕ್ಕೆ ಒಂದನ್ನು ಎರವಲು ಪಡೆದು, ಮುಗಿದ ಮೇಲೆ ಹಿಂದಿರುಗಿಸಬೇಕು. ಜಾವಾದ ಹಿಕಾರಿಸಿಪಿ ಎಂಬ ಪೂಲ್ ನಾವು ಬದಲಿಸದಿದ್ದರೆ ಹತ್ತು ಸಂಪರ್ಕಗಳಿಗೆ ಮಿತಿ ಹಾಕಿಕೊಳ್ಳುತ್ತದೆ. ಪಿಎಚ್‌ಪಿಯಲ್ಲಿ ಕಾಯಂ ಸಂಪರ್ಕದ ಸೌಲಭ್ಯವಿದೆಯಾದರೂ ಹಿಂದಿನ ಕೋರಿಕೆಯವರು ಬಿಟ್ಟುಹೋದ ತಾತ್ಕಾಲಿಕ ಟೇಬಲ್, ಬದಲಿಸಿದ ಕಾಲವಲಯ ಮುಂದಿನವರಿಗೆ ಅಂಟಿಕೊಳ್ಳಬಹುದು. ನಾನು ಬಳಸುವುದಿಲ್ಲ.

ಆದರೂ ನನ್ನ ತಂತ್ರಾಂಶದಲ್ಲೂ ದಿನವಿಡೀ ಬದುಕಿರುವ ಒಂದು ತುಂಡಿದೆ. ತೂಕದ ಯಂತ್ರದಿಂದ ಲೀಟರ್ ಓದಿ ದಾಖಲಿಸುವ ಪುಟ್ಟ ಪ್ರೋಗ್ರಾಂ ಅದು. ಬೆಳಗಿನ ಹಾಲು ಚೆನ್ನಾಗಿ ದಾಖಲಾಗುತ್ತಿತ್ತು. ಪ್ರತಿ ಸಂಜೆ ಮೊದಲ ಕ್ಯಾನು ಮಾತ್ರ ದಾಖಲಾಗುತ್ತಿರಲಿಲ್ಲ, ‘ಸರ್ವರ್ ಹೊರಟುಹೋಗಿದೆ’ ಎಂಬ ದೋಷ. ಸುಮ್ಮನಿರುವ ಸಂಪರ್ಕವನ್ನು ಮೈಎಸ್‌ಕ್ಯುಎಲ್ 28,800 ಸೆಕೆಂಡು, ಅಂದರೆ ಎಂಟು ಗಂಟೆ ಕಾದು ಕಡಿದುಹಾಕುತ್ತದೆ. ಸಂಘದಲ್ಲಿ ಬೆಳಗಿನ ಹಾಲು ಎಂಟೂವರೆಗೆ ಮುಗಿಯುತ್ತದೆ, ಸಂಜೆಯದು ಐದೂವರೆಗೆ ಶುರು. ನಡುವೆ ಒಂಬತ್ತು ಗಂಟೆ. ಅಂಥ ಕಡೆ ಸಂಪರ್ಕವನ್ನು ಕೊಡುವ ಬದಲು, ಸಂಪರ್ಕ ತೆರೆಯಬಲ್ಲ ಆಬ್ಜೆಕ್ಟ್ ಅನ್ನು ಕೊಡಬೇಕು. ಅದು ಕೆಲಸಕ್ಕೆ ಮೊದಲು ಜೀವವಿದೆಯೇ ಎಂದು ನೋಡಿ, ಇಲ್ಲದಿದ್ದರೆ ಹೊಸದನ್ನು ತೆರೆಯುತ್ತದೆ. ಟ್ರಾನ್ಸಾಕ್ಷನ್ ನಡುವೆ ಮಾತ್ರ ಹಾಗೆ ಮಾಡಬಾರದು. ಹೊಸ ಕರೆಯಲ್ಲಿ ಹಳೆಯ ಕರಾರು ಇರುವುದಿಲ್ಲ.

ಎಲ್ಲವನ್ನೂ ತಿದ್ದಿದ ಮೇಲೆ ಒಂದು ಪರೀಕ್ಷೆ ಬರೆದೆ. ಮೆಮೊರಿಯಲ್ಲೇ ಹುಟ್ಟಿ ಅಲ್ಲೇ ಅಳಿಯುವ ಎಸ್‌ಕ್ಯುಲೈಟ್ ಡೇಟಾಬೇಸ್ ಒಂದನ್ನು ತೆರೆದು ಬಟವಾಡೆಗೂ ಎರಡು ಖಾತೆಗಳಿಗೂ ಕೊಡುತ್ತೇನೆ. ಅದರಲ್ಲಿ ಒಂದು ಒಳ್ಳೆಯ ಗುಣವಿದೆ: ಅಂಥ ಪ್ರತಿ ಹೊಸ ಸಂಪರ್ಕಕ್ಕೂ ಬೇರೆಯದೇ ಖಾಲಿ ಡೇಟಾಬೇಸ್ ಸಿಗುತ್ತದೆ. ಅದೇ ವಿಳಾಸಕ್ಕೆ ಯಾವುದಾದರೂ ಕ್ಲಾಸ್ ಕದ್ದು ತನ್ನದೇ ಸಂಪರ್ಕ ತೆರೆದರೆ ‘ಟೇಬಲ್ ಇಲ್ಲ’ ಎಂದು ಅಲ್ಲೇ ಸಿಕ್ಕಿಬೀಳುತ್ತದೆ. ಪರೀಕ್ಷೆಯಲ್ಲಿ ಮೂವರು ಸದಸ್ಯರು, ಮೂವರಿಗೂ ತಲಾ 800 ರೂಪಾಯಿ ಮುರಿತ. ಮೂರನೆಯವರಲ್ಲಿ ಬಟವಾಡೆ ಮುರಿದುಬೀಳಬೇಕು, ಆಮೇಲೆ ಎರಡೂ ಖಾತೆಗಳ ಸಾಲುಗಳನ್ನು ಎಣಿಸಿದರೆ ಸೊನ್ನೆ ಮತ್ತು ಸೊನ್ನೆ ಬರಬೇಕು.

ಆ ಹಿರಿಯರಿಗೂ ಉಳಿದವರಿಗೂ ಮುಂದಿನ ಬಟವಾಡೆಯಲ್ಲಿ ಏನನ್ನೂ ಮುರಿಯದೆ ಲೆಕ್ಕ ಸರಿದೂಗಿಸಿದೆವು. ಚೀಟಿ ಕೊಟ್ಟಾಗ ಅವರು ಮತ್ತೆ ಅದೇ ಜಾಗದಲ್ಲಿ ಬೆರಳಿಟ್ಟು ನೋಡಿದರು. ತಂತ್ರಾಂಶಕ್ಕೆ ಏನೇ ಹೊಸದು ಸೇರಿಸಿದರೂ ಆ ಪರೀಕ್ಷೆ ಮೊದಲು ಓಡುತ್ತದೆ. ಅದರಲ್ಲಿನ ಮೂರನೆಯ ಸದಸ್ಯರ ಬ್ಯಾಂಕ್ ಖಾತೆ ಸಂಖ್ಯೆಯನ್ನು ಈಗಲೂ ಖಾಲಿಯಾಗಿಯೇ ಇಟ್ಟಿದ್ದೇನೆ.